ಸೀತಾಫಲ, ಶೇಂಗಾ, ಬನ್ನಿ ಎಲೆ: ಪುಟ್ಟ ಮಕ್ಕಳ ಎಣಿಕೆ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಅಂಕಣಕ್ಕೆ ಬಂದ ಪತ್ರ, ಮೆಸೇಜ್‌ಗಳಲ್ಲಿ ಬಹಳಷ್ಟು ಮೂರರಿಂದ ಆರು ವರ್ಷದ ಮಕ್ಕಳ ಲೆಕ್ಕದ ಬಗ್ಗೇನೇ ಇದ್ವು. ದಸರಾ ಹತ್ರ ಬಂತು, ಸ್ಕೂಲ್‌ಗಳಲ್ಲಿ ಸೀಸನ್ ಥೀಮ್ ಶುರುವಾಗಿದೆ, ಹಾಗಾಗಿ ಒಂದಕ್ಕೊಂದು ಹೊಂದೋ ಪ್ರಶ್ನೆಗಳನ್ನೇ ಆರಿಸ್ಕೊಂಡಿದೀನಿ.

ಪ್ರಶ್ನೆ: ಮೇಡಂ ನಮಸ್ತೆ, ನಾನು ದಾವಣಗೆರೆಯಲ್ಲಿ ಎಲ್‌ಕೆಜಿ ಟೀಚರ್. ಅಕ್ಟೋಬರಲ್ಲಿ ಒಂದು ವಾರ "ಆಟಮ್ ವೀಕ್" (ಶರತ್ಕಾಲದ ವಾರ) ಮಾಡಿ ಅಂತ ಮ್ಯಾನೇಜ್‌ಮೆಂಟ್‌ನವ್ರು ಹೇಳಿದಾರೆ, ನೆಟ್ಟಿಂದ ಇಳಿಸ್ಕೊಂಡ ವರ್ಕ್‌ಶೀಟ್ ಕೊಟ್ಟಿದಾರೆ. ಅದರ ತುಂಬ ಕೆಂಪು ಮೇಪಲ್ ಎಲೆ, ಓಕ್ ಮರದ ಕಾಯಿ, ಕಿತ್ತಳೆ ಬಣ್ಣದ ಕುಂಬಳಕಾಯಿ, ಅದನ್ನ ಎಣಿಸಿ ಪಕ್ಕದಲ್ಲಿ ನಂಬರ್ ಬರೀಬೇಕು. ನಮ್ಮ ಮಕ್ಕಳು ಬಾಯಲ್ಲಿ ಐವತ್ತರ ತನಕ ಗಡಗಡ ಹೇಳ್ತಾರೆ, ಆದ್ರೆ "ಆರು ಕ್ರೇಯಾನ್ ತಗೊಂಡು ಬಾ ಪುಟ್ಟ" ಅಂದ್ರೆ ಒಂದು ಹಿಡಿ ಎತ್ಕೊಂಡು ಬರ್ತಾರೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಟೀಚರ್, ನೀವು ಗೊತ್ತಿಲ್ಲದೇನೇ ಸರಿಯಾದ ಪರೀಕ್ಷೆ ಮಾಡಿದೀರಿ. ಮಗುಗೆ ಎಣಿಕೆ ಬಂದಿದ್ಯಾ ಅಂತ ನೋಡೋಕೆ ಸಂಶೋಧಕರೂ ಇದನ್ನೇ ಕೇಳ್ತಾರೆ, "ಇಷ್ಟು ಕೊಡು" ಅಂತ. ಮೊದಲು ಒಂದು ಕೊಡೋದು ಬರತ್ತೆ, ತಿಂಗಳುಗಟ್ಟಲೆ ಆದಮೇಲೆ ಎರಡು, ಆಮೇಲೆ ಮೂರು, ಹೀಗೇ ನಿಧಾನಕ್ಕೆ ಹೋಗ್ತಾ ಮೂರೂವರೆ ನಾಲ್ಕು ವರ್ಷದ ಆಸುಪಾಸಲ್ಲಿ ಬಹಳಷ್ಟು ಮಕ್ಕಳಿಗೆ ಆರಾಗ್ಲಿ ಎಂಟಾಗ್ಲಿ ಎಣಿಸಿ ಕೊಡೋದು ಒಮ್ಮೆಲೇ ಹೊಳೆಯತ್ತೆ. ಐವತ್ತರ ತನಕ ಹೇಳೋದು ಬಾಯಿಪಾಠ, ಬೇಡ ಅಂತಲ್ಲ, ಬೇಕು, ಆದ್ರೆ ಅದು ಎಣಿಕೆಯ ಒಂದು ತುಂಡು ಅಷ್ಟೆ. 1978ರಲ್ಲಿ ಗೆಲ್ಮನ್ ಮತ್ತು ಗ್ಯಾಲಿಸ್ಟಲ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಎಣಿಕೆಯಲ್ಲಿ ಏನೇನು ಅಡಗಿದೆ ಅಂತ ಬಿಡಿಸಿಟ್ರು. ಒಂದೊಂದು ವಸ್ತುಗೂ ಒಂದೇ ಒಂದು ಹೆಸರು ಹೇಳಬೇಕು, ಆ ಹೆಸರುಗಳ ಸಾಲು ತಪ್ಪಬಾರದು, ಕೊನೆಗೆ ಹೇಳಿದ ಹೆಸರೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ, ಹೂವಾಗ್ಲಿ ಚಪ್ಪಾಳೆಯಾಗ್ಲಿ ಏನನ್ನ ಬೇಕಾದ್ರೂ ಎಣಿಸಬಹುದು, ಯಾವ ಕಡೆಯಿಂದ ಶುರು ಮಾಡಿದ್ರೂ ಲೆಕ್ಕ ಅಷ್ಟೇ ಬರತ್ತೆ. ದೊಡ್ಡವರಿಗೆ ಇದೆಲ್ಲ ಒಂದೇ ಕೆಲಸ ಅನ್ಸತ್ತೆ, ಮಗುಗೆ ಇವು ಐದು ಬೇರೆ ಬೇರೆ ಕಲಿಕೆ.

ಒಂದು ಸಲ ಚೆಂಡು ಹೂವು ತಂದು ಒಂದು ಮಗುವಿನ ಮುಂದೆ ಏಳೆಂಟು ಸಾಲಾಗಿ ಇಟ್ಟು ಸುಮ್ನೆ ಅದರ ಬೆರಳನ್ನ ನೋಡಿ. "ಎ-ರ-ಡು" ಅನ್ನುವಾಗ ಬೆರಳು ಮೂರು ಹೂವಿನ ಮೇಲೆ ಹಾರಿರತ್ತೆ, "ಒಂ-ದು" ಅನ್ನುವಾಗ್ಲೇ ಎರಡು ಹೂವು ಮುಟ್ಟಿ ಆಗಿರತ್ತೆ. ಇನ್ನೊಂದು ಮಗುದು ಬಾಯಿ ಮುಂದೆ ಓಡತ್ತೆ ಬೆರಳು ಹಿಂದೆ ಉಳಿಯತ್ತೆ, ಮತ್ತೊಂದು ಮಗು ಎಣಿಸಿದ್ದನ್ನೇ ವಾಪಸ್ ಬಂದು ಎಣಿಸತ್ತೆ. ವರ್ಕ್‌ಶೀಟಲ್ಲಿ ಇದ್ಯಾವುದೂ ನಿಮ್ಮ ಕಣ್ಣಿಗೆ ಬೀಳಲ್ಲ, ತಪ್ಪು ಉತ್ತರ ಮಾತ್ರ ಕಾಣತ್ತೆ. ಅಚ್ಚಾದ ಎಲೆಯನ್ನ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಡೋಕಾಗಲ್ಲ ನೋಡಿ, ಎಣಿಕೆ ಕಲಿಯೋ ವಯಸ್ಸಲ್ಲಿ ಆ ಎತ್ತಿ ಇಡೋದೇ ಮುಖ್ಯ. ಹಾಗಾಗಿ ಎರಡು ತಟ್ಟೆ ಇಡಿ. ಈ ತಟ್ಟೆಯಿಂದ ಒಂದು ಹೂವು ಎತ್ತಿ ಆ ತಟ್ಟೆಗೆ ಹಾಕಿದಾಗ ಮಾತ್ರ ಒಂದು ಸಂಖ್ಯೆ ಹೇಳಬೇಕು, ಹಾಕೋ ತನಕ ಬಾಯಿ ತೆರೆಯೋ ಹಾಗಿಲ್ಲ. ಮುಗಿದ ಮೇಲೆ "ಒಟ್ಟು ಎಷ್ಟು ಹೂವು?" ಅಂತ ಕೇಳಿ. ಮಗು "ಐದು" ಅಂದ್ರೆ ಸರಿ, ಅದು ಬಿಟ್ಟು ಮತ್ತೆ ಒಂದು ಎರಡು ಅಂತ ಮೊದಲಿಂದ ಶುರು ಮಾಡಿದ್ರೆ ಕೊನೇ ಸಂಖ್ಯೆಯೇ ಉತ್ತರ ಅನ್ನೋದು ಇನ್ನೂ ಹೊಳೆದಿಲ್ಲ ಅಂತರ್ಥ. ಆಗ ಗದರಬೇಡಿ, "ತಪ್ಪು" ಅಂತಾನೂ ಅನ್ನಬೇಡಿ. ನೀವೇ ಹೇಳಿ ತೋರಿಸಿ, "ಇಲ್ಲಿ ಐದು ಹೂವಿದೆ, ನೋಡು, ಒಂದು, ಎರಡು, ಮೂರು, ನಾಲ್ಕು, ಐದು. ಐದು ಹೂವು." ಮೊದಲು ಒಟ್ಟು ಹೇಳಿ ಆಮೇಲೆ ಎಣಿಸಿ ಮತ್ತೆ ಒಟ್ಟು ಹೇಳೋದು, ಇದನ್ನ ದಿನಾ ಒಂದೆರಡು ನಿಮಿಷ ಮಾಡಿದ್ರೆ ಸಾಕು.

ಈಗ ಆಟಮ್ ಥೀಮ್ ವಿಷಯ. ನಮ್ಮ ಶರದೃತು ಅಂದ್ರೆ ಆಶ್ವೀಜ, ಕಾರ್ತೀಕ ಮಾಸ. ಅವಾಗ ದಾವಣಗೆರೆಯಲ್ಲಿ ಎಲೆ ಉದುರಲ್ಲ, ಮಳೆ ಮುಗಿದು ಎಲ್ಲಾ ಹಸಿರಾಗಿರತ್ತೆ, ನಮ್ಮ ಮರಗಳ ಎಲೆ ಉದುರೋದು ಜನವರಿಯಿಂದ ಆಚೆ, ಶಿಶಿರದಲ್ಲಿ. ಮಗು ಕಿಟಕಿ ಆಚೆ ನೋಡಿದ್ರೆ ಒಂದು ಥರ, ಹಾಳೆಯಲ್ಲಿ ಇನ್ನೊಂದು ಥರ. ಥೀಮ್ ಇರ್ಲಿ, ಅದನ್ನ ನಿಮ್ಮ ಊರಿನ ಅಕ್ಟೋಬರ್‌ಗೆ ತಿರುಗಿಸಿ. ನಿಮ್ಮ ಸುತ್ತ ಮೆಕ್ಕೆಜೋಳ ಕಟಾವಿಗೆ ಬಂದಿರತ್ತೆ, ಆಯುಧಪೂಜೆಗೆ ಚೆಂಡು ಹೂವು, ಸೇವಂತಿಗೆ ರಾಶಿ ರಾಶಿ ಬರತ್ತೆ, ತಳ್ಳುಗಾಡಿಯಲ್ಲಿ ಸೀತಾಫಲ, ಅಂಗಡಿ ಮುಂದೆ ಬೂದುಗುಂಬಳ. ಒಂದು ದಿನ ಬುಟ್ಟಿಯಲ್ಲಿ ಸೀತಾಫಲ ತಂದು ಎಣಿಸಿ, ಬಿಡಿಸಿ ಎಲ್ಲರಿಗೂ ಒಂದೊಂದು ತೊಳೆ ಕೊಡಿ, ಪ್ರತಿ ಮಗುನೂ ತನ್ನ ತೊಳೆಯ ಬೀಜ ಉಗಿದು ತಟ್ಟೆಗೆ ಹಾಕಲಿ. ಆ ಕರೀ ಬೀಜ ತೊಳೆದು ಒಣಗಿಸಿದ್ರೆ ವರ್ಷಪೂರ್ತಿ ಎಣಿಸೋಕೆ ಬರತ್ತೆ, ಆದ್ರೆ ಅದನ್ನ ಒಡೆಯೋದು ಪುಡಿ ಮಾಡೋದು ಮಾತ್ರ ಬೇಡವೇ ಬೇಡ, ಆ ಪುಡಿ ಕಣ್ಣಿಗೆ ಬಿದ್ರೆ ಬಹಳ ಕೆಟ್ಟದ್ದು. ಇನ್ನೊಂದು ದಿನ ಚೆಂಡು ಹೂವಿನ ಮಾಲೆ, ಎರಡು ಹಳದಿ ಒಂದು ಕೇಸರಿ, ಎರಡು ಹಳದಿ ಒಂದು ಕೇಸರಿ ಅಂತ ಸಾಲು ಜೋಡಿಸೋದು, ಪೋಣಿಸೋ ಕೆಲಸ ನೀವು ಮಾಡಿ. ಎಲೆ ಬೇಕೇ ಬೇಕು ಅಂದ್ರೆ ಸ್ಕೂಲ್ ಕಾಂಪೌಂಡಲ್ಲಿ ಕಾಡುಬಾದಾಮಿ ಮರ ಇದ್ಯಾ ನೋಡಿ, ಅದರ ಎಲೆ ಉದುರೋ ಮುಂಚೆ ಕೆಂಪಗಾಗತ್ತೆ, ಹಸಿರು ಇಷ್ಟು ಕೆಂಪು ಇಷ್ಟು ಅಂತ ಎರಡು ಗುಂಪು ಮಾಡಿ ಯಾವುದು ಜಾಸ್ತಿ ಅಂತ ಕೇಳಬಹುದು. ಮೇಲಿನ ಕ್ಲಾಸಿನವರಿಗೆ ಒಂದು ಮೆಕ್ಕೆಜೋಳದ ತೆನೆ ಕೊಟ್ಟು ಸುತ್ತ ಎಷ್ಟು ಸಾಲು ಕಾಳಿದೆ ಎಣಿಸೋಕೆ ಹೇಳಿ, ಬಹುತೇಕ ಯಾವಾಗ್ಲೂ ಸರಿಸಂಖ್ಯೆನೇ ಬರತ್ತೆ, ಹನ್ನೆರಡು, ಹದಿನಾಲ್ಕು, ಹದಿನಾರು ಹೀಗೆ. ನನಗೆ ಇಷ್ಟವಾದ ಸಂಗತಿ ಇದು.

ವರ್ಕ್‌ಶೀಟ್ ಬಿಸಾಕಬೇಡಿ, ಮ್ಯಾನೇಜ್‌ಮೆಂಟ್ ಜೊತೆ ಜಗಳನೂ ಬೇಡ. ವಾರದ ಕೊನೇ ದಿನ ಕೊಡಿ, ಅಷ್ಟು ಹೊತ್ತಿಗೆ ಮಕ್ಕಳ ಕೈ ಪಳಗಿರತ್ತೆ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರೀ. ನಾ ಗದಗ ಜಿಲ್ಲಾದಾಗ ಅಂಗನವಾಡಿ ಕಾರ್ಯಕರ್ತೆ ಅದೀನಿ. ಮೂರು ವರ್ಷದವರಿಂದ ಹಿಡಿದು ಆರು ವರ್ಷದವರ ಮಟ ಎಲ್ಲಾ ಮಕ್ಕಳು ಒಂದ ಖೋಲ್ಯಾಗ ಕೂಡ್ತಾವ್ರಿ. ಪ್ರಿಂಟರ್ ಇಲ್ಲ, ಕಲರ್ ಪೇಪರಿಗೆ ರೊಕ್ಕ ಇಲ್ಲ. ದಸರಾ ದೀಪಾವಳಿ ಟೈಮಿನ್ಯಾಗ ಖರ್ಚಿಲ್ದ ಎಣಿಸೋದು ಹೆಂಗ ಕಲಸೂಣ್ರಿ?

ಉತ್ತರ: ತಂಗಿ, ನಿಮ್ಮ ಕಡೆಯಷ್ಟು ಒಳ್ಳೇ ಸಾಮಾನು ಯಾವ ಅಂಗಡಿಯಲ್ಲೂ ಸಿಗಲ್ಲ. ದಸರಾದಲ್ಲಿ ಬನ್ನಿ ಕೊಡ್ತೀರಲ್ಲ, ಅದು ಪುಟ್ಟ ಮಕ್ಕಳ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಬ್ಬರಿಗೆ ಒಂದು ಎಲೆ, ಇನ್ನೊಬ್ಬರಿಗೆ ಇನ್ನೊಂದು ಎಲೆ, ಯಾರನ್ನೂ ಬಿಡೋ ಹಾಗಿಲ್ಲ, ಯಾರಿಗೂ ಎರಡೆರಡು ಸಲ ಕೊಡೋ ಹಾಗಿಲ್ಲ. ಮೇಲೆ ದಾವಣಗೆರೆ ಟೀಚರ್‌ಗೆ ಹೇಳಿದ "ಒಂದು ವಸ್ತುಗೆ ಒಂದೇ ಹೆಸರು" ಅನ್ನೋ ಪಾಠ ಇದೇ. ವಿಜಯದಶಮಿಗೆ ಮುಂಚಿನ ದಿನಗಳಲ್ಲಿ ನಿಮ್ಮ ಅಂಗನವಾಡಿಯಲ್ಲೇ ಬನ್ನಿ ಹಬ್ಬ ಮಾಡಿ. ಬನ್ನಿಗೆ ಮುಳ್ಳಿರತ್ತೆ, ಹಾಗಾಗಿ ನೀವೇ ಎಲೆ ಬಿಡಿಸಿ ತನ್ನಿ. ದೊಡ್ಡ ಮಗು ಒಂದನ್ನ ಕರೆದು "ಇವತ್ತು ಎಷ್ಟು ಮಂದಿ ಬಂದೀರಿ, ಅಷ್ಟು ಎಲೆ ತಗೊಂಡು ಬಾ" ಅನ್ನಿ. ತಂದಿದ್ದನ್ನ ಹಂಚ್ತಾ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಹೇಳ್ಕೊಂಡು ಹೋಗ್ಲಿ. ಕೊನೆಗೆ ಇಬ್ಬರಿಗೆ ಸಾಲದೇ ಹೋದ್ರೆ ಬಹಳ ಒಳ್ಳೇದು, "ಇನ್ನೂ ಎಷ್ಟು ಬೇಕು?" ಅನ್ನೋ ಪ್ರಶ್ನೆ ತಾನಾಗೇ ಹುಟ್ಟತ್ತೆ, ಮೂರು ವರ್ಷದ ಮಗುನೂ "ನಂಗ ಸಿಗಲಿಲ್ಲ" ಅಂತ ಕೈ ಚಾಚತ್ತೆ, ಅದೂ ಲೆಕ್ಕಾನೇ. ದಿನಾ ಊಟದ ಹೊತ್ತಲ್ಲಿ ತಾಟು ಇಡೋ ಕೆಲಸನೂ ಹೀಗೇ ಮಕ್ಕಳ ಕೈಗೆ ಕೊಡಿ, ಒಬ್ಬರಿಗೊಂದು ತಾಟು, ಒಂದು ತಾಟಿಗೊಂದು ಲೋಟ.

ಆಮೇಲೆ ಶೇಂಗಾ. ಮುಂಗಾರು ಶೇಂಗಾ ಕಿತ್ತಿರ್ತಾರೆ, ಯಾರ ಮನೆಯಿಂದಾದ್ರೂ ಒಂದು ಸೇರು ಹಸಿ ಕಾಯಿ ಬರತ್ತೆ. ಒಂದು ಕಾಯಿ ಕೈಯಲ್ಲಿ ಹಿಡಿದು ಮಕ್ಕಳ ಕಿವಿ ಹತ್ರ ಅಲ್ಲಾಡಿಸಿ, ಮೇಲಿನ ಗುಬ್ಬು ತೋರಿಸಿ, "ಒಳಗ ಎಷ್ಟು ಕಾಳು ಇರಬಹುದು?" ಅಂತ ಕೇಳಿ. ಒಬ್ಬ ಎರಡು ಅಂತಾನೆ, ಒಬ್ಬಳು ಮೂರು ಅಂತಾಳೆ, ಒಡೆದು ನೋಡಿದಾಗ ಒಂದೇ ಕಾಳು ಇದ್ರೂ ಇರಬಹುದು. ಒಡೆದ ಸಿಪ್ಪೆಗಳನ್ನ ನೆಲದ ಮೇಲೆ ಮೂರು ಸಾಲು ಮಾಡಿಸಿ, ಒಂದು ಕಾಳಿನವು ಇಲ್ಲಿ, ಎರಡರವು ಇಲ್ಲಿ, ಮೂರರವು ಇಲ್ಲಿ. ಯಾವ ಸಾಲು ಉದ್ದ ಆಯ್ತು? ಎರಡು ಕಾಳಿನ ಸಾಲೇ ಉದ್ದ ಆಗೋ ಸಾಧ್ಯತೆ ಜಾಸ್ತಿ, ತಳಿ ಮೇಲೆ ಹೋಗತ್ತೆ. ಶಹರದ ಸ್ಕೂಲಲ್ಲಿ ಗ್ರಾಫ್ ಅಂತ ಕಲಿಸೋದು ಇದನ್ನೇ. ಇದರಲ್ಲಿ ಇನ್ನೊಂದು ಲಾಭ ಇದೆ, ಕಾಯಿ ಬಿಚ್ಚಿದ ಕೂಡ್ಲೇ ಎರಡೋ ಮೂರೋ ಅಂತ ಎಣಿಸದೇ ಕಣ್ಣಿಗೇ ಗೊತ್ತಾಗತ್ತೆ, ಸಣ್ಣ ಗುಂಪನ್ನ ಹಾಗೆ ಒಂದೇ ನೋಟಕ್ಕೆ ಗುರುತಿಸೋದು ಮುಂದೆ ಕೂಡಿಸೋ ಲೆಕ್ಕಕ್ಕೆ ಬುನಾದಿ.

ದೀಪಾವಳಿಗೆ ಸಗಣಿ ಪಾಂಡವರನ್ನ ಇಡೋ ಪದ್ಧತಿ ನಿಮ್ಮ ಕಡೆ ಇದ್ಯಲ್ಲ, ಮಣ್ಣಲ್ಲಿ ಐದು ಪಾಂಡವರನ್ನ ಮಾಡಿಸಿ. ಐದು ಬೆರಳು, ಐದು ಪಾಂಡವರು. ಒಬ್ಬರನ್ನ ಬಟ್ಟೆ ಮುಚ್ಚಿ "ಈಗ ಎಷ್ಟು ಕಾಣ್ತಾರ? ಎಷ್ಟು ಮಂದಿ ಅಡಗ್ಯಾರ?" ಅಂತ ಕೇಳ್ತಾ ಹೋಗಿ. ಐದು ಅಂದ್ರೆ ನಾಲ್ಕು ಮತ್ತೊಂದು, ಮೂರು ಮತ್ತೆರಡು, ಇದು ಚೆನ್ನಾಗಿ ಕೂತ್ರೆ ಆಮೇಲೆ ಹತ್ತು ಸುಲಭ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮೂರು ವರ್ಷದ ಮಕ್ಕಳ ಕೈಗೆ ಶೇಂಗಾ ಕಾಳು, ಕಡ್ಲೆ, ಹುಣಸೆ ಬೀಜ ಕೊಡಬೇಡಿ, ಮೂಗಿಗೆ ಹಾಕ್ಕೊಳ್ತಾರೆ, ಗಂಟಲಿಗೆ ಸಿಕ್ಕಿದ್ರೆ ಜೀವಕ್ಕೇ ಅಪಾಯ. ಅವರಿಗೆ ಮೆಕ್ಕೆಜೋಳದ ಬೆಂಡು, ತೆಂಗಿನ ಚಿಪ್ಪು, ಬಾಯಲ್ಲಿ ಹಿಡಿಸದಷ್ಟು ದೊಡ್ಡ ಕಲ್ಲು ಕೊಡಿ. ತಿನ್ನೋಕೂ ಚಿಕ್ಕವರಿಗೆ ಶೇಂಗಾ ಕುಟ್ಟಿ ಬೆಲ್ಲದ ಜೊತೆ ಕೊಡಿ, ಇಡೀ ಕಾಳು ಬೇಡ. ಯಾವ ಮಗುಗಾದ್ರೂ ಶೇಂಗಾ ಆಗಿಬರಲ್ವಾ ಅಂತ ತಾಯಂದಿರನ್ನ ಮೊದ್ಲೇ ಕೇಳಿಟ್ಕೊಳ್ಳಿ. ನೋಡೋಕೆ ಚೆಂದ ಅಂತ ಗುಲಗಂಜಿ ಯಾವ ಕಾರಣಕ್ಕೂ ಬೇಡ, ಅದು ವಿಷ, ಔಡಲ ಬೀಜನೂ ವಿಷವೇ.

ಪ್ರಶ್ನೆ: ನಮಸ್ಕಾರ, ನಾವು ನ್ಯೂಜೆರ್ಸಿಯಲ್ಲಿದೀವಿ. ಮಗಳು ಈ ಸೆಪ್ಟೆಂಬರಿಂದ ಕಿಂಡರ್‌ಗಾರ್ಟನ್‌ಗೆ ಹೋಗ್ತಿದಾಳೆ. ಅಲ್ಲಿ ಫಾಲ್ ಸೀಸನ್ ಅಂತ ಎಲೆ, ಏಕಾರ್ನ್ (ಓಕ್ ಮರದ ಕಾಯಿ), ಪಂಪ್ಕಿನ್ ಬೀಜ ಎಲ್ಲಾ ಎಣಿಸ್ತಾರೆ, ಇಂಗ್ಲಿಷಲ್ಲಿ. ಮನೇಲಿ ನಾವು ಕನ್ನಡದಲ್ಲಿ ಎಣಿಸಿದ್ರೆ ಅವಳಿಗೆ ಗೊಂದಲ ಆಗತ್ತಾ? ನಮ್ಮತ್ತೆ ಕನ್ನಡದಲ್ಲೇ ಕಲಿಸಿ ಅಂತಾರೆ, ನಮ್ಮೆಜಮಾನ್ರು ಮೊದ್ಲು ಇಂಗ್ಲಿಷ್ ಗಟ್ಟಿಯಾಗ್ಲಿ ಅಂತಾರೆ.

ಉತ್ತರ: ನಿಮ್ಮತ್ತೆಯವರ ಮಾತು ಕೇಳಿ, ಗೊಂದಲ ಆಗಲ್ಲ. ಏಳು ಕಾಯಿ ಅಂದ್ರೆ ಎಷ್ಟು ಅನ್ನೋದು ಒಂದು ಭಾಷೆಯಲ್ಲಿ ಅರ್ಥ ಆದ್ರೆ ಇನ್ನೊಂದು ಭಾಷೆಯಲ್ಲಿ ಬರೀ ಹೆಸರು ಕಲಿತ್ರೆ ಆಯ್ತು. ಇನ್ನೊಂದು ಅನುಕೂಲನೂ ಇದೆ. ಇಂಗ್ಲಿಷ್ ಮಕ್ಕಳು ಇಲೆವೆನ್, ಟ್ವೆಲ್ವ್‌ನ ಹಾಗೇ ಬಾಯಿಪಾಠ ಮಾಡಬೇಕು, ಥರ್ಟೀನ್‌ಗೂ ಥರ್ಟಿಗೂ ಕಿವಿಯಲ್ಲಿ ಕಲಸಿ ಹೋಗತ್ತೆ, ನಮ್ಮಲ್ಲಿ ಹದಿನಾಲ್ಕು, ಹದಿನೈದು, ಹದಿನಾರು ಅಂದಾಗ ಹತ್ತು ಮುಂದೆ ಕೂತಿರತ್ತೆ, ಬಿಡಿ ಅಂಕಿ ಹಿಂದೆ. ಇಪ್ಪತ್ತು ದಾಟಿದ ಮೇಲಂತೂ ಇಪ್ಪತ್ತೊಂದು, ಇಪ್ಪತ್ತೆರಡು ಅಂತ ದಾರಿ ಸಲೀಸು. ಒಂದೇ ಎಣಿಕೆಯ ಮಧ್ಯದಲ್ಲಿ ಭಾಷೆ ಬದಲಾಯಿಸಬೇಡಿ ಅಷ್ಟೆ, ಒಂದು ಸಲ ಪೂರ್ತಿ ಕನ್ನಡ, ಇನ್ನೊಂದು ಸಲ ಪೂರ್ತಿ ಇಂಗ್ಲಿಷ್.

ನಿಮ್ಮಲ್ಲಿ ನಿಜವಾಗ್ಲೂ ಎಲೆ ಉದುರತ್ತೆ, ಹಾಗಾಗಿ ಅದನ್ನ ಬಿಡಬೇಡಿ. ಶುಗರ್ ಮೇಪಲ್ ಎಲೆಗೆ ಸಾಮಾನ್ಯವಾಗಿ ಐದು ಕವಲು, ಅಂಗೈ ಪಕ್ಕ ಇಟ್ಟು ಬೆರಳಿಗೊಂದು ಕವಲು ಹೊಂದಿಸಲಿ. ಕೆನಡಾ ಬಾವುಟದ ಎಲೆ ಸಿಕ್ರೆ ಅದರ ಚೂಪು ತುದಿ ಎಣಿಸೋಕೆ ಹೇಳಿ, 11 ಬರತ್ತೆ. ಏಕಾರ್ನ್ ಆರಿಸೋಕೆ ಹೋದಾಗ ಟೋಪಿ ಬೇರೆ ಕಾಯಿ ಬೇರೆ ಆಗಿ ಬಿದ್ದಿರತ್ತೆ, ಎರಡನ್ನೂ ತನ್ನಿ, ಪ್ರತಿ ಕಾಯಿಗೂ ಒಂದು ಟೋಪಿ ಹಾಕ್ತಾ ಹೋಗ್ಲಿ, ಕೊನೆಗೆ ಕಾಯಿ ಉಳೀತಾ ಟೋಪಿ ಉಳೀತಾ? ಎಣಿಸದೇ ಯಾವುದು ಹೆಚ್ಚು ಅಂತ ತಿಳಿಯೋ ದಾರಿ ಇದು. ತೂತಿರೋ ಕಾಯಿ ಬಿಟ್ಟುಬಿಡಿ, ಉಳಿದದ್ದನ್ನ ಓವನ್‌ನಲ್ಲಿ ಕಡಿಮೆ ಬಿಸಿಯಲ್ಲಿ ಒಣಗಿಸಿ ಇಡಿ, ಇಲ್ಲಾಂದ್ರೆ ಕೆಲವು ದಿನಕ್ಕೆ ಒಳಗಿಂದ ಬಿಳೀ ಹುಳ ಹೊರಗೆ ಬರತ್ತೆ. ಬಾಯಿಗೆ ಹಾಕ್ಕೊಳ್ಳದ ಹಾಗೆ ನೋಡ್ಕೊಳ್ಳಿ, ಅದರ ಥರಾನೇ ಕಾಣೋ ಹಾರ್ಸ್ ಚೆಸ್ಟ್‌ನಟ್ ತಿಂದ್ರೆ ವಿಷ.

ಪಂಪ್ಕಿನ್ ಬೀಜಕ್ಕೆ ಒಂದು ಕೆಲಸ ಮಾಡಿ. ಹನ್ನೆರಡು ಮೊಟ್ಟೆ ಬರೋ ರಟ್ಟಿನ ಟ್ರೇ ಇರತ್ತಲ್ಲ, ಅದರ ಒಂದು ಕೊನೆಯ ಎರಡು ಗುಳಿ ಕತ್ತರಿಸಿ ತೆಗೀರಿ, ಮೇಲೆ ಐದು ಕೆಳಗೆ ಐದು ಉಳಿಯತ್ತೆ. ಬೀಜ ತೊಳೆದು ಒಣಗಿಸಿ ಗುಳಿಗೊಂದರ ಹಾಗೆ ಹಾಕ್ಲಿ. ಏಳು ಹಾಕಿದಾಗ ಮೇಲಿನ ಸಾಲು ತುಂಬಿ ಕೆಳಗೆ ಎರಡು, ಇನ್ನು ಮೂರು ಗುಳಿ ಖಾಲಿ, ಅಂದ್ರೆ ಹತ್ತಕ್ಕೆ ಮೂರು ಕಮ್ಮಿ ಅನ್ನೋದು ಕಣ್ಣಿಗೇ ಕಾಣತ್ತೆ. ಹತ್ತು ತುಂಬಿದ ಕೂಡ್ಲೇ ಒಂದು ಕಪ್ಪಿಗೆ ಸುರಿದು ಮತ್ತೆ ಶುರು. ಒಂದು ಪಂಪ್ಕಿನಲ್ಲಿ ನೂರಾರು ಬೀಜ ಇರತ್ತೆ, ಒಂದೊಂದೇ ಎಣಿಸಿದ್ರೆ ದೊಡ್ಡವರಿಗೂ ತಪ್ಪತ್ತೆ, ಹತ್ತರ ಕಪ್ಪುಗಳನ್ನ ಸಾಲಾಗಿ ಇಟ್ಟು ಹತ್ತು, ಇಪ್ಪತ್ತು, ಮೂವತ್ತು ಅಂತ ಎಣಿಸೋದು ಯಾಕೆ ಬೇಕು ಅಂತ ಅವಳಿಗೇ ಗೊತ್ತಾಗತ್ತೆ. ಅಮೆರಿಕದ ಬಹಳಷ್ಟು ರಾಜ್ಯಗಳು ಅನುಸರಿಸೋ ಕಾಮನ್ ಕೋರ್ ಅನ್ನೋ ಕಲಿಕೆಯ ಗುರಿಪಟ್ಟಿ ಪ್ರಕಾರ ಕಿಂಡರ್‌ಗಾರ್ಟನ್ ಮುಗಿಯೋ ಹೊತ್ತಿಗೆ ನೂರರ ತನಕ ಒಂದೊಂದಾಗಿ, ಹತ್ತತ್ತಾಗಿ ಹೇಳೋಕೆ ಬರಬೇಕು, ಸಾಲಾಗಿಟ್ಟ 20 ವಸ್ತುಗಳ ತನಕ ಎಣಿಸಿ ಎಷ್ಟು ಅಂತ ಹೇಳಬೇಕು. ಎಣಿಸಾದ ಮೇಲೆ ಬೀಜಕ್ಕೆ ಉಪ್ಪು ಖಾರ ಹಾಕಿ ಹುರಿದು ತಿನ್ನಿ, ಬಹಳ ಚೆನ್ನಾಗಿರತ್ತೆ.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಿಂದ ಬರೀತಾ ಇದೀನಿ, ವಯಸ್ಸು ಎಪ್ಪತ್ತು ದಾಟಿದೆ. ಮೊಮ್ಮಗ ಪೇಟೆಯಲ್ಲಿ ಯುಕೆಜಿ. ದಿನಾ 1ರಿಂದ 100 ಬರೆಯೋ ಹೋಂವರ್ಕ್, ಅಳ್ತಾ ಬರೀತಾನೆ. 3, 7 ಎಲ್ಲ ತಿರುಗಾಮುರುಗಾ ಬರೀತಾನೆ. ದಸರಾ, ದೀಪಾವಳಿ ರಜೆಗೆಲ್ಲ ನಮ್ಮನೆಗೇ ಬರ್ತಾನೆ. ನಾನೇನಾದ್ರೂ ಕಲಿಸಬಹುದಾ?

ಉತ್ತರ: ಹಿರಿಯರೇ, ಮೊದಲು ಒಂದು ಸಮಾಧಾನ. ಅಂಕಿ ತಿರುಗಿಸಿ ಬರೆಯೋದು ಈ ವಯಸ್ಸಲ್ಲಿ ಮಾಮೂಲು, ಆರೇಳು ವರ್ಷದ ತನಕವೂ ಇರತ್ತೆ. ಇನ್ನು ನೂರರ ತನಕ ಬರೆಯೋ ವಿಷಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ ಒಂದನೇ ಕ್ಲಾಸಿಗೆ ಮುಂಚಿನ ಬಾಲವಾಟಿಕಾ ಹಂತಕ್ಕೆ ಇಟ್ಟಿರೋ ಗುರಿ 10ರ ತನಕ ಅಂಕಿ ಗುರುತಿಸಿ ಓದೋದು, 99ರ ತನಕ ಓದಿ ಬರೆಯೋದು ಒಂದನೇ ಕ್ಲಾಸಿನ ಗುರಿ. ಮಗ ಸೊಸೆಗೆ ಇದನ್ನ ತೋರಿಸಿ, ಸ್ಕೂಲಲ್ಲಿ ಮರ್ಯಾದೆಯಿಂದಲೇ ಕೇಳಲಿ. ಐದು ವರ್ಷದ ಮಗು ಅಳ್ತಾ ನೂರು ಅಂಕಿ ಬರೆಯೋದ್ರಿಂದ ಏನೂ ಕಲಿಯಲ್ಲ ಅಂತ ನಾನು ಖಂಡಿತವಾಗಿ ಹೇಳ್ತೀನಿ.

ರಜೆಯಲ್ಲಿ ಪುಸ್ತಕ ಮುಚ್ಚಿಡಿ. ದೀಪಾವಳಿ ಆಸುಪಾಸಿಂದ ನಿಮ್ಮಲ್ಲಿ ಕೊನೆ ಕೊಯ್ಲು, ಅಂದ್ರೆ ಅಡಿಕೆ ಗೊನೆ ಕೊಯ್ಯೋದು, ಶುರುವಾಗತ್ತಲ್ಲ, ಅಂಗಳಕ್ಕೆ ಅಡಿಕೆ ಕೊನೆ ತಂದು ಹಾಕುವಾಗ ಮೊಮ್ಮಗನ ಕೈಗೆ ಒಂದು ಇದ್ದಿಲ ಚೂರು ಕೊಡಿ. ಒಂದು ಕೊನೆಗೆ ಗೋಡೆ ಮೇಲೆ ಒಂದು ಗೀಟು, ಐದನೇದಕ್ಕೆ ಅಡ್ಡ ಗೀಟು. ಸಂಜೆ ಐದೈದರ ಕಟ್ಟು ಎಷ್ಟಾಯ್ತು ಅಂತ ಅವನೇ ಹೇಳಲಿ, ಅವನು ಹೇಳಿದ ಲೆಕ್ಕವನ್ನ ನೀವು ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ, ತನ್ನ ಎಣಿಕೆ ಮನೆ ಕೆಲಸಕ್ಕೆ ಬಂತು ಅಂತ ಅವನಿಗೆ ಗೊತ್ತಾಗ್ಲಿ. ತೋಟದಲ್ಲಿ ಮರ ಹತ್ತೋ ಜಾಗದಿಂದ ಮಾತ್ರ ದೂರ ಇರಿಸಿ. ಅಟ್ಟದ ಮೇಲೆ ಅಳಗುಳಿಮಣೆ ಇದ್ರೆ ಕೆಳಗಿಳಿಸಿ, ಆ ಕಡೆ ಏಳು ಈ ಕಡೆ ಏಳು ಗುಳಿ, ಗುಳಿಗೊಂದು ಹುಣಸೆ ಬೀಜ ಬಿಡ್ತಾ ಹೋಗೋದು ಇದ್ಯಲ್ಲ, ಒಂದಕ್ಕೊಂದು ಹೊಂದಿಸೋಕೆ ಅದಕ್ಕಿಂತ ಒಳ್ಳೇ ಅಭ್ಯಾಸ ಇಲ್ಲ. ಬರೆಯೋದು ಬೇಕು ಅಂದ್ರೆ ಮರಳಲ್ಲಿ, ರಂಗೋಲಿ ಪುಡಿಯಲ್ಲಿ ಬೆರಳಿಂದ ದಿನಕ್ಕೆ ಒಂದೋ ಎರಡೋ ಅಂಕಿ, ದೊಡ್ಡದಾಗಿ.

ಪ್ರಶ್ನೆ: ನಮ್ಮ ಮಗ ನಾಲ್ಕು ವರ್ಷ, ಮೊಬೈಲ್ ಆ್ಯಪಲ್ಲಿ 100ರ ತನಕ ಎಣಿಸ್ತಾನೆ. ಇಷ್ಟು ಸಾಕಲ್ವಾ? (ಬೆಂಗಳೂರು)

ಉತ್ತರ: ಸಾಲಲ್ಲ. ಸ್ಕ್ರೀನ್ ಮುಟ್ಟಿದ ಕೂಡ್ಲೇ ಆ್ಯಪ್ಪೇ ಸಂಖ್ಯೆ ಹೇಳ್ಬಿಡತ್ತೆ, ಎಲ್ಲಿ ನಿಲ್ಲಬೇಕು ಅಂತಾನೂ ಅದೇ ತೀರ್ಮಾನ ಮಾಡತ್ತೆ, ಮಗು ಮಾಡಬೇಕಾದ ಕೆಲಸ ಅದು ಮಾಡ್ತಿದೆ. ದಸರಾ ರಜೆಯಲ್ಲಿ ಚೌಕಾಬಾರ ಆಡಿ. ನಾಲ್ಕು ಕವಡೆ ಹಾಕಿ ಎಷ್ಟು ಮೇಲ್ಮುಖ ಬಿತ್ತು ನೋಡೋದು, ಅಷ್ಟು ಮನೆ ನಡೆಸೋದು. ಕವಡೆ ಇಲ್ಲಾಂದ್ರೆ ಹುಣಸೆ ಬೀಜವನ್ನ ಒಂದು ಬದಿ ನೆಲಕ್ಕೆ ಉಜ್ಜಿ ಬಿಳಿ ಮಾಡ್ಕೊಳ್ಳಿ. ನಾಲ್ಕೂ ಕವುಚಿ ಬಿದ್ರೆ ಎಂಟು ಅನ್ನೋ ನಿಯಮ ಈಗ ಬಿಟ್ಬಿಡಿ, ಇನ್ನೊಂದು ವರ್ಷ ಹೋಗ್ಲಿ.

ಪ್ರಶ್ನೆ: ಮೇಡಂ, ಸಕಲೇಶಪುರ ಹತ್ತಿರ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ನೋಡ್ಕೊಳ್ತೀನಿ. ಕಾಫಿ ತೋಟದ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದವರ ಮಗು ಒಂದಿದೆ. ಉಳಿದವರು ಇಪ್ಪತ್ತರ ತನಕ ಎಣಿಸ್ತಾರೆ, ಇವನು ಐದೂ ಹೇಳಲ್ಲ, ಸುಮ್ನೆ ಕೂತಿರ್ತಾನೆ. ಬುದ್ಧಿ ಕಮ್ಮಿ ಇರಬಹುದಾ ಅಂತ ಸಹೋದ್ಯೋಗಿಗಳು ಕೇಳ್ತಾರೆ.

ಉತ್ತರ: ದಯವಿಟ್ಟು ಆ ಮಾತು ಯಾರೂ ಆಡೋದು ಬೇಡ. ಮಗು ಹೇಳ್ತಿಲ್ಲ ಅಂದ ಮಾತ್ರಕ್ಕೆ ಅದಕ್ಕೆ ಬರಲ್ಲ ಅಂತಲ್ಲ. ಮಾತಿಲ್ಲದ ಪರೀಕ್ಷೆ ಮಾಡಿ ನೋಡಿ. ನಿಮ್ಮ ತಟ್ಟೆಯಲ್ಲಿ ಮೂರು ಹೂವು ಇಡಿ, ಅವನ ಮುಂದೆ ಖಾಲಿ ತಟ್ಟೆ ಮತ್ತೆ ಹೂವಿನ ಬುಟ್ಟಿ ಇಡಿ, "ನನ್ನ ಹಾಗೇ ಮಾಡು" ಅಂತ ಸನ್ನೆ ಮಾಡಿ. ನಾಲ್ಕು, ಐದು, ಆರು ಅಂತ ಹೆಚ್ಚಿಸ್ತಾ ಹೋಗಿ. ಅವನು ಒಂದೊಂದಕ್ಕೆ ಒಂದೊಂದು ಹೊಂದಿಸಿದ್ರೆ ಎಣಿಕೆಯ ಕಷ್ಟದ ಭಾಗ ಆಗ್ಲೇ ಬಂದಿದೆ, ಕನ್ನಡದ ಹೆಸರು ಮಾತ್ರ ಬಾಕಿ. ಅವನ ತಾಯಿ ಬಿಡೋಕೆ ಬಂದಾಗ ಅವರ ಭಾಷೆಯಲ್ಲಿ ಒಂದರಿಂದ ಹತ್ತು ಹೇಳಿಸ್ಕೊಂಡು ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ವಾರಕ್ಕೊಂದು ಸಲ ಇಡೀ ಕ್ಲಾಸು ಆ ಭಾಷೆಯಲ್ಲಿ ಎಣಿಸಲಿ, ಅವನೇ ಹೇಳಿಕೊಡಲಿ. ನಿಮ್ಮಲ್ಲಿ ನವೆಂಬರ್ ಡಿಸೆಂಬರ್ ಹೊತ್ತಿಗೆ ಕಾಫಿ ಹಣ್ಣು ಕೆಂಪಾಗಿರತ್ತೆ, ಅಪ್ಪ ಅಮ್ಮ ಕೊಯ್ಯೋದನ್ನ ನೋಡಿರ್ತಾನೆ, ಅವನಿಗೆ ಗೊತ್ತಿರೋ ವಸ್ತು ಅದು, ಹಸಿರು ಕಾಯಿ, ಹಳದಿ, ಕೆಂಪು ಹಣ್ಣು ಬೇರೆ ಬೇರೆ ಮಾಡಿ ಎಣಿಸೋ ಕೆಲಸಕ್ಕೆ ಅವನನ್ನೇ ಮುಂದೆ ಮಾಡಿ. ಇಷ್ಟೆಲ್ಲ ಆಗಿ ಕೆಲವು ತಿಂಗಳ ಮೇಲೂ ಎರಡು ಮೂರನ್ನ ಹೊಂದಿಸೋಕೆ ಆಗ್ತಿಲ್ಲ ಅಂದ್ರೆ, ಅಥವಾ ಹಿಂದಿನಿಂದ ಕರೆದ್ರೆ ತಿರುಗಿ ನೋಡಲ್ಲ ಅಂದ್ರೆ ಕಿವಿ ಕಣ್ಣು ಮೊದಲು ತೋರಿಸಿ.

ಪ್ರಶ್ನೆ: ಮೈಸೂರಿಂದ ಬರೀತಿದೀನಿ, ನಮ್ಮ ನರ್ಸರಿಯಲ್ಲಿ ದಸರಾ ಗೊಂಬೆ ಕೂರಿಸ್ತೀವಿ. ಅದರಲ್ಲಿ ಲೆಕ್ಕ ಹೇಗೆ ತರೋದು, ಮುಖ್ಯವಾಗಿ ಸೊನ್ನೆ ಹೇಗೆ ಕಲಿಸೋದು? "ಏನೂ ಇಲ್ಲ" ಅನ್ನೋದನ್ನ ತೋರಿಸೋದು ಹೇಗೆ ಅಂತ ಗೊತ್ತಾಗ್ತಿಲ್ಲ.

ಉತ್ತರ: ಗೊಂಬೆ ಕೂರಿಸುವಾಗ ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇಡೋದು ರೂಢಿ, ಮೂರು, ಐದು, ಏಳು, ಒಂಬತ್ತು. ನೀವು ಐದು ಇಡಿ ಸಾಕು, ಮಕ್ಕಳ ಕೈಗೆ ಎಟುಕತ್ತೆ. ಎಲ್ಲಾ ಗೊಂಬೆ ನೀವೇ ಜೋಡಿಸಿ ಮುಗಿಸಬೇಡಿ. ಪ್ರತಿ ಮೆಟ್ಟಿಲ ಅಂಚಿಗೆ ಒಂದು ಚೀಟಿ ಅಂಟಿಸಿ, ಐದು, ನಾಲ್ಕು, ಮೂರು ಅಂತ ಅಂಕಿ ಬರೆದು ಪಕ್ಕದಲ್ಲಿ ಅಷ್ಟೇ ಚುಕ್ಕಿ ಇಡಿ, ಅಷ್ಟು ಗೊಂಬೆ ಮಕ್ಕಳು ಕೂರಿಸಲಿ. ಒಂದು ಮೆಟ್ಟಿಲಿಗೆ ಮಾತ್ರ ಚುಕ್ಕಿ ಇಲ್ಲದ 0 ಚೀಟಿ ಅಂಟಿಸಿ. ಯಾರೋ ಒಬ್ಬರು ಅಲ್ಲೂ ಗೊಂಬೆ ತಂದು ಇಟ್ಟೇ ಇಡ್ತಾರೆ, ಆಗ ಬೇರೆ ಮಕ್ಕಳೇ "ಇಲ್ಲಿ ಇಡಬಾರದು" ಅಂತಾರೆ, ನೀವು ವಿವರಿಸೋ ಅಗತ್ಯನೇ ಬೀಳಲ್ಲ. ಸೊನ್ನೆ ಮೊದಲ ದಿನವೇ ತರಬೇಡಿ, ಐದರ ತನಕ ಕೈ ಕೂತ ಮೇಲೆ ತನ್ನಿ. ಮೇಲಿಂದ ತೆಗೀತಾ ಬರೋ ದಾರಿನೂ ಇದೆ, ಸಂಜೆ ಗೊಂಬೆ ಬಾಗಿನದ ತಟ್ಟೆಯಲ್ಲಿ ಐದು ಉಂಡೆ, ಒಬ್ಬೊಬ್ಬರಿಗೆ ಒಂದು ಕೊಟ್ಟ ಹಾಗೆ "ಈಗ ಎಷ್ಟು?" ನಾಲ್ಕು, ಮೂರು, ಎರಡು, ಒಂದು, ಆಮೇಲೆ? ತಟ್ಟೆ ಮುಂದೆ ಹಿಡಿದು ಸ್ವಲ್ಪ ಕಾಯಿರಿ, ಅವಸರದಲ್ಲಿ ನೀವೇ ಉತ್ತರ ಹೇಳಿಬಿಡಬೇಡಿ. "ಖಾಲಿ" ಅಂತಾರೆ, "ಇಲ್ಲ" ಅಂತಾರೆ, ಎರಡೂ ಸರಿ, ಆಗ 0 ಚೀಟಿ ಆ ತಟ್ಟೆಯಲ್ಲಿ ಇಡಿ. ಉಂಡೆ ಸಿಗದೇ ಉಳಿದ ಮಕ್ಕಳಿಗೆ ಇನ್ನೊಂದು ಡಬ್ಬಿ ಮೊದ್ಲೇ ತುಂಬಿಟ್ಟಿರಿ.